ಎಂಜಿನ್ ಇಳಿಸುವ ಮುನ್ನ ಸಂಪ್ ನೋಡಿ

ಪ್ರಶ್ನೆ: ನಾನು ಶಿವಮೊಗ್ಗದವನು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕೆಲಸದಲ್ಲಿದ್ದೇನೆ. ಮನೆಯ ಗ್ಯಾರೇಜಿನಲ್ಲಿ ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ಕಾರು ಕಟ್ಟುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಹಳೆಯ ಮಜ್ದಾ ಎಂಎಕ್ಸ್-5 ಕಾರಿನವು. ಎಂಜಿನ್ ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. 40 ಮಿ.ಮೀ. ಇಳಿಸಿದರೆ ಮುಚ್ಚುತ್ತದೆ, ಗುರುತ್ವ ಕೇಂದ್ರವೂ ತಗ್ಗುತ್ತದೆ. ಆದರೆ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ನೆಲದಿಂದ 75 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಇಳಿಸಬಹುದೇ?

ಉತ್ತರ: ಈಗಿರುವ ಸಂಪ್ ಇಟ್ಟುಕೊಂಡು ಖಂಡಿತ ಇಳಿಸಬೇಡಿ. ಅಲ್ಲಿನ ರಸ್ತೆ ಉಬ್ಬುಗಳಿಗೆ 100 ಮಿ.ಮೀ.ವರೆಗೆ ಎತ್ತರವಿರಲು ಕಾನೂನೇ ಅವಕಾಶ ಕೊಟ್ಟಿದೆ. ಉಬ್ಬು ಹತ್ತಿ ಇಳಿಯುವಾಗ ಸಸ್ಪೆನ್ಷನ್ ಇನ್ನಷ್ಟು ಕುಗ್ಗುತ್ತದೆ. ಸಂಪ್ ಒಡೆದರೆ ಆಯಿಲ್ ಎಲ್ಲ ರಸ್ತೆಗೆ, ಹಿಂದೆಯೇ ಎಂಜಿನ್ ಗುಜರಿಗೆ.

ಮೊದಲು ಲಾಭವೆಷ್ಟು ಎಂದು ಲೆಕ್ಕ ಹಾಕಿ. ಎಂಜಿನ್, ಗೇರ್‌ಬಾಕ್ಸ್ ಸೇರಿ 150 ಕೆ.ಜಿ., ನೀವು ಕುಳಿತ ಕಾರು 700 ಕೆ.ಜಿ. ಎಂದುಕೊಳ್ಳೋಣ. 40 ಮಿ.ಮೀ. ಇಳಿಸಿದರೆ ಇಡೀ ಕಾರಿನ ಗುರುತ್ವ ಕೇಂದ್ರ ತಗ್ಗುವುದು ಸುಮಾರು ಎಂಟೂವರೆ ಮಿ.ಮೀ. ಮಾತ್ರ. ಗುರುತ್ವ ಕೇಂದ್ರ 450 ಮಿ.ಮೀ. ಎತ್ತರದಲ್ಲಿದ್ದು, ಎಡಬಲ ಚಕ್ರಗಳ ನಡುವೆ 1400 ಮಿ.ಮೀ. ಅಂತರವಿದ್ದರೆ, 1 ಜಿ ಬಲದ (ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುವ) ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ 225 ಕೆ.ಜಿ. ಭಾರ ವರ್ಗವಾಗುತ್ತದೆ. ನಿಮ್ಮ ಶ್ರಮದಿಂದ ಅದರಲ್ಲಿ ಕಡಿಮೆಯಾಗುವುದು ನಾಲ್ಕೂ ಚಿಲ್ಲರೆ ಕೆ.ಜಿ. ಸೀಟು ಹಿಂದೆಮುಂದೆ ಜಾರುವ ರೈಲು ತೆಗೆದು ಸೀಟನ್ನು ನೆಲಕ್ಕೇ ಬೋಲ್ಟ್ ಮಾಡಿ ನೋಡಿ. 80 ಕೆ.ಜಿ. ತೂಕದ ಚಾಲಕ 75 ಮಿ.ಮೀ. ತಗ್ಗಿದರೆ ಅಷ್ಟೇ ಲಾಭ. ಅರ್ಧ ತಗ್ಗಿದರೂ ಅರ್ಧ ಲಾಭ ಖರ್ಚಿಲ್ಲದೆ ಸಿಕ್ಕಿತು.

ಹಾಗಾಗಿ ನನ್ನ ಸಲಹೆ ಇದು: ಸಂಪನ್ನು 25 ಮಿ.ಮೀ. ಮೋಟು ಮಾಡಿಸಿ, ಎಂಜಿನನ್ನೂ ಅಷ್ಟೇ ಇಳಿಸಿ. ಸಂಪ್ ಈಗಿನ 115 ಮಿ.ಮೀ. ಎತ್ತರದಲ್ಲೇ ಉಳಿಯುತ್ತದೆ. ಮಿಕ್ಕ 15 ಮಿ.ಮೀ.ಗೆ ಬಾನೆಟ್ ಮೇಲೆ ಒಂದು ಉಬ್ಬು ಮಾಡಿ. ಅದರ ಅಂಚು ದುಂಡಗಿರಲಿ, ಚೂಪಾಗಿದ್ದರೆ ಅಲ್ಲಿನ ಐವಿಎ ತಪಾಸಣೆಯಲ್ಲಿ (ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸುವ ಮುನ್ನ ನಡೆಯುವ ಪರೀಕ್ಷೆ) ನಪಾಸಾಗುತ್ತದೆ.

ಸಂಪ್ ಕತ್ತರಿಸುವುದೇ ನಿಜವಾದ ಕೆಲಸ. 300 × 200 ಮಿ.ಮೀ. ತಳದಿಂದ 25 ಮಿ.ಮೀ. ತೆಗೆದರೆ ಒಂದೂವರೆ ಲೀಟರ್ ಜಾಗ ಹೋಯಿತು. ಈ ಎಂಜಿನ್ ಹಿಡಿಯುವುದೇ ನಾಲ್ಕು ಲೀಟರಿಗೂ ಕಡಿಮೆ. ಆದ್ದರಿಂದ ಎರಡೂ ಬದಿಗೆ ರೆಕ್ಕೆ ಬೆಸೆದು, ಕಳೆದಷ್ಟು ಜಾಗವನ್ನು ಅಗಲದಲ್ಲಿ ಮರಳಿ ಪಡೆಯಬೇಕು. ಅಗಲವಾದ ಸಂಪಿನಲ್ಲಿ ಇನ್ನೊಂದು ಅಪಾಯವಿದೆ: ತಟ್ಟೆ ಓರೆಯಾದರೆ ಸಾರು ಅಂಚಿಗೆ ಹರಿಯುವಂತೆ, ತಿರುವಿನಲ್ಲಿ ಆಯಿಲ್ ಒಂದೇ ಬದಿಗೆ ನುಗ್ಗಿ, ಸಂಪಿನಿಂದ ಪಂಪಿಗೆ ಆಯಿಲ್ ಹೀರುವ ಪಿಕಪ್ ಪೈಪ್ ಗಾಳಿ ಎಳೆಯುತ್ತದೆ. ಪೈಪಿನ ಸುತ್ತ ಒಳಮುಖವಾಗಿ ಮಾತ್ರ ತೆರೆಯುವ ಕದಗಳಿರುವ ತಡೆಗೋಡೆ ಕಟ್ಟಿಸಿ. ನಾನು ಬಹುಕಾಲ ದುಡಿದದ್ದು ಎಂಜಿನ್ ಬಿಚ್ಚಿ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಗ್ರೈಂಡ್ ಮಾಡುವ ಅಂಗಡಿಯಲ್ಲಿ. ಆಯಿಲ್ ಸಿಗದೆ ಕೆಟ್ಟ, ಕ್ರ್ಯಾಂಕ್ ಕೂರುವ ಬೇರಿಂಗ್ ಶೆಲ್ ಕೈಗೆ ಬಂದರೆ ಕೇಳುವುದೇ ಬೇಡ. ಮೇಲಿನ ಬೂದು ಪದರ ಕಿತ್ತು ಒಳಗಿನ ತಾಮ್ರದ ಕೆಂಪು ಹೊಳೆಯುತ್ತಿರುತ್ತದೆ. ಒಂದು ಉದ್ದ ತಿರುವು ಸಾಕು ಆ ಗತಿಗೆ.

ಪಿಕಪ್ ಪೈಪನ್ನೂ ಅಷ್ಟೇ ಗಿಡ್ಡ ಮಾಡಬೇಕು. ಅದರ ಬಾಯಿಗೂ ಸಂಪಿನ ತಳಕ್ಕೂ 6ರಿಂದ 10 ಮಿ.ಮೀ. ಅಂತರವಿರಲಿ. ಅಳೆಯಲು ಸುಲಭ ದಾರಿ ಇದೆ: ಮಕ್ಕಳ ಪ್ಲಾಸ್ಟಿಸಿನ್ ಉಂಡೆಯೊಂದನ್ನು ತಳದಲ್ಲಿ ಅಂಟಿಸಿ, ಗ್ಯಾಸ್ಕೆಟ್ ಸಮೇತ ಸಂಪನ್ನು ಬಿಗಿದು ಬಿಚ್ಚಿ. ಪೈಪ್ ಒತ್ತಿದ ಕಡೆ ಉಳಿದ ದಪ್ಪವೇ ನಿಮ್ಮ ಅಂತರ. ಆಮೇಲೆ ಪ್ಲಾಸ್ಟಿಸಿನ್ ಚೂರೂ ಉಳಿಯದಂತೆ ತೊಳೆಯಿರಿ.

ಸಂಪ್ ಎಷ್ಟೇ ಗಿಡ್ಡವಾದರೂ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಗಿಡ್ಡವಾಗುವುದಿಲ್ಲ. ಒಳಗೆ ಕ್ರ್ಯಾಂಕ್ ತುದಿಯ ಭಾರದ ಚಕ್ರ, ಫ್ಲೈವೀಲ್ ಇದೆ. ಹೌಸಿಂಗ್ ಷಾಸಿಯ (ಕಾರಿನ ಚೌಕಟ್ಟಿನ) ಕೆಳ ಕೊಳವೆಗಿಂತ ಕೆಳಗೆ ಹೋಗದಿರಲಿ. ಮುಂದೆ ಕ್ರ್ಯಾಂಕ್ ಪುಲ್ಲಿ ಸ್ಟೇರಿಂಗ್ ರ‍್ಯಾಕ್‌ಗೆ ತಾಗುತ್ತದೆಯೇ ನೋಡಿ. ತಾಗಿದರೆ ರ‍್ಯಾಕ್ ಸರಿಸಬೇಡಿ, ಎಂಜಿನ್ ಎತ್ತಿ. ರ‍್ಯಾಕ್ ಜಾಗ ಬದಲಾದರೆ ಪ್ರತಿ ಗುಂಡಿಗೂ ಚಕ್ರ ತಾನೇ ತಿರುಗತೊಡಗುತ್ತದೆ.

ಇಳಿಸುವಾಗ ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೆ ಇಳಿಯಲಿ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್ಲಿಗೆ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಗುವ 800 ಮಿ.ಮೀ. ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಒಂದು ತುದಿ 25 ಮಿ.ಮೀ. ಇಳಿದರೆ ಕೋನ 1.8 ಡಿಗ್ರಿ ಬದಲಾಗುತ್ತದೆ. ಅದನ್ನು ತಡೆದುಕೊಳ್ಳಬಹುದು. ಆದರೆ ಗೇರ್‌ಬಾಕ್ಸ್ ಶಾಫ್ಟೂ ಡಿಫರೆನ್ಷಿಯಲ್ ಪಿನಿಯನ್ನೂ ಪರಸ್ಪರ ಸಮಾಂತರವಾಗಿರಲೇಬೇಕು, ಇಲ್ಲವಾದರೆ ವೇಗದಲ್ಲಿ ಕಾರು ನಡುಗುತ್ತದೆ. 1988ರಲ್ಲಿ ಫಾರ್ಮುಲಾ ಒನ್ನಿನ 16 ರೇಸ್‌ಗಳಲ್ಲಿ 15 ಗೆದ್ದ ಮೆಕ್ಲಾರೆನ್ ಎಂಪಿ4/4 ಕಾರಿನಲ್ಲೂ ಹೋಂಡಾ ಎಂಜಿನ್ನಿನ ಕ್ರ್ಯಾಂಕ್ ತುಂಬ ತಗ್ಗಿನಲ್ಲಿತ್ತು. ಚಕ್ರಗಳಿಗೆ ಹೋಗುವ ಶಾಫ್ಟುಗಳು ಕಡಿದಾಗದಿರಲೆಂದೇ ಅದಕ್ಕೆ ಮೂರು ಶಾಫ್ಟಿನ ಗೇರ್‌ಬಾಕ್ಸ್ ಮಾಡಿದರು.

ಇಷ್ಟೆಲ್ಲ ಸರಿಬರುವ ತನಕ ಎಂಜಿನ್ ಕೂರುವ ಮೌಂಟುಗಳಿಗೆ ಬರೀ ಟ್ಯಾಕ್ ವೆಲ್ಡ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಹಾಕಿ, ಪೂರ್ತಿ ಬೆಸೆಯಬೇಡಿ.

ಪ್ರಶ್ನೆ: ನಮ್ಮ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ ಕಾರಿಗೆ ಒಂಟಿ ಸಿಲಿಂಡರಿನ ಬೈಕ್ ಎಂಜಿನ್ ಹಾಕುತ್ತಿದ್ದೇವೆ. ಎತ್ತರ ಕಡಿಮೆ ಮಾಡಲು ಮುಂದಕ್ಕೆ ಬಗ್ಗಿಸಬಹುದೇ? (ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಬಗ್ಗಿಸಬೇಡಮ್ಮ, ಬೈಕಿನಲ್ಲಿದ್ದ ಕೋನದಲ್ಲೇ ಇಳಿಸಿ. ಸಿಲಿಂಡರ್ ಹೆಡ್‌ನಿಂದ ಆಯಿಲ್ ಇಳಿಯುವ ದಾರಿ, ಪಿಕಪ್, ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಎಲ್ಲವೂ ಆ ಕೋನಕ್ಕೇ ಮಾಡಿದವು. 1986ರಲ್ಲಿ ವಿನ್ಯಾಸಕ ಗಾರ್ಡನ್ ಮರ್ರಿ ಫಾರ್ಮುಲಾ ಒನ್ನಿನ ಬ್ರಬಾಮ್ ಬಿಟಿ55 ಕಾರಿನಲ್ಲಿ ಬಿಎಂಡಬ್ಲ್ಯು ಎಂಜಿನ್ನನ್ನು 72 ಡಿಗ್ರಿ ಮಲಗಿಸಿದರು. ಆಯಿಲ್ ಸರಿಯಾಗಿ ಹಿಂದಿರುಗದೆ ಕಾಡಿತು, ಇಡೀ ವರ್ಷಕ್ಕೆ ತಂಡಕ್ಕೆ ದಕ್ಕಿದ್ದು ಎರಡೇ ಅಂಕ. ನಿಮ್ಮದು ಚೈನ್ ಡ್ರೈವ್ ಆದ್ದರಿಂದ ನೇರವಾಗಿ ಇಳಿಸಲು ಅಡ್ಡಿಯಿಲ್ಲ. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿರಲಿ, ಚೈನ್ ಯಾವ ಕೊಳವೆಗೂ ಉಜ್ಜದಿರಲಿ.