ಉಪಗ್ರಹಕ್ಕೆ ಕಾಣುವುದು ಬಿಸಿ, ನೀರಲ್ಲ

ನಮಸ್ಕಾರ,

ಹೊಲಗಳಿಂದ ಆವಿಯಾಗುವ ನೀರನ್ನು ಉಪಗ್ರಹದಿಂದ ಲೆಕ್ಕ ಹಾಕುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡುವಂಥ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ರಾಕೆಟ್ಟುಗಳ ಇತಿಹಾಸ ಸುಮ್ನೆ ಜಾಗ ತಿಂದಿದೆ.

ನಿಜವಾದ ತೊಂದರೆ ಇರುವುದು ‘ಉಪಗ್ರಹ ಆವಿಯನ್ನು ನಿಖರವಾಗಿ ಅಳೆಯುತ್ತದೆ’ ಎಂಬ ಸಾಲಿನಲ್ಲಿ. ಅಳೆಯುವುದಿಲ್ಲ. ಅದಕ್ಕೆ ಸಿಗುವುದು ನೆಲದ, ಎಲೆಗಳ ಬಿಸಿ ಮತ್ತು ವಾಪಸ್ ಬಂದ ಬೆಳಕು. ನೀರುಂಡ ಬೆಳೆ ಆವಿ ಬಿಡುತ್ತಾ ತಣ್ಣಗಿರುತ್ತದೆ, ಬೆವರು ಆರಿದಾಗ ಮೈ ತಂಪಾಗುವ ಹಾಗೆ. ನೀರಿಲ್ಲದ್ದು ಕಾಯುತ್ತದೆ. ಹೊಲ ಹೀರಿದ ಶಕ್ತಿಯಲ್ಲಿ ಮಣ್ಣು ಕಾಯಿಸಿದ ಪಾಲು, ಗಾಳಿ ಕಾಯಿಸಿದ ಪಾಲು ಕಳೆಯಿರಿ. ಉಳಿದದ್ದು ಆವಿಗೆ ಖರ್ಚಾಗಿದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಬೇಕು, ಹಾಗಾಗಿ ಆ ಉಳಿದ ಶಕ್ತಿಯನ್ನು ಇದರಿಂದ ಭಾಗಿಸಿದರೆ ನೀರಿನ ಲೆಕ್ಕ ಸಿಗುತ್ತದೆ. ಇದನ್ನು ನೀವೇ ಬರೆದಿದ್ದೀರಿ, ಆದರೆ ಕೊನೆಯ ಅಡಿಟಿಪ್ಪಣಿಯಲ್ಲಿ! ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ.

ಕಳೆಯುವ ಲೆಕ್ಕಕ್ಕೆ ಒಂದು ಪೇಚಿದೆ. ಗಾಳಿಯ ಪಾಲಿನಲ್ಲಿ ತಪ್ಪಾದರೆ ಅದು ನೇರ ನೀರಿನ ತಲೆಗೇ ಬರುತ್ತದೆ. ಅದಕ್ಕೇ ಈ ಲೆಕ್ಕ ಮಾಡುವ ಸೆಬಾಲ್, ಮೆಟ್ರಿಕ್ ಎಂಬಂಥ ವಿಧಾನಗಳು ಉಪಗ್ರಹದ ಚಿತ್ರದೊಳಗೇ ತೀರಾ ಒಣಗಿದ ಒಂದು ಜಾಗ, ಚೆನ್ನಾಗಿ ನೀರುಂಡ ಒಂದು ಜಾಗ ಹುಡುಕುತ್ತವೆ. ಮಿಕ್ಕ ಹೊಲಗಳನ್ನು ಆ ಎರಡರ ನಡುವೆ ಕೂರಿಸುತ್ತವೆ. ಜಾಗ ಆರಿಸುವವರು ಬದಲಾದರೆ ಉತ್ತರವೂ ಅಷ್ಟಿಷ್ಟು ಬದಲಾಗಬಹುದು. ಓದುಗರಿಗೆ ಇದನ್ನು ಹೇಳಲೇಬೇಕು ಅಲ್ವಾ? ನೀವು ಮುಚ್ಚಿಟ್ಟಿದ್ದೀರಿ.

‘ಪ್ರತಿದಿನ, ಪ್ರತಿ ಹೊಲ’ ಎಂಬುದೂ ಜಾಸ್ತಿಯಾಯಿತು. ಇಂಥ ಚಿತ್ರ ಕೊಡುವ ಲ್ಯಾಂಡ್‌ಸ್ಯಾಟ್ 8 ಉಪಗ್ರಹ ಒಂದೇ ಜಾಗದ ಮೇಲೆ ಮತ್ತೆ ಬರುವುದು 16 ದಿನಕ್ಕೊಮ್ಮೆ. ಲ್ಯಾಂಡ್‌ಸ್ಯಾಟ್ 9 ಸೇರಿದರೆ 8 ದಿನಕ್ಕೊಮ್ಮೆ. ಅವತ್ತೇ ಮೋಡ ಕವಿದಿದ್ದರೆ ಆ ಸರದಿ ಹೋಯಿತು. ನಡುವಿನ ದಿನಗಳನ್ನು ಹವಾಮಾನದ ಅಂಕಿಗಳಿಂದ ತುಂಬುತ್ತಾರೆ. ಬಿಸಿ ನೋಡುವ ಪಿಕ್ಸೆಲ್‌ನ, ಅಂದರೆ ಚಿತ್ರದ ಒಂದು ಚೌಕದ, ನೆಲದ ಮೇಲಿನ ನಿಜವಾದ ಅಗಲ 100 ಮೀಟರ್. ನೀವು ಹೇಳುವ 30 ಮೀಟರ್ ಆಮೇಲೆ ಹೊಂದಿಸಿ ಕೊಟ್ಟದ್ದು. ಅಂದರೆ ಅರ್ಧ ಹೆಕ್ಟೇರಿನ ಹೊಲದ ಬಿಸಿಯಲ್ಲಿ ಪಕ್ಕದ ಹೊಲ, ರಸ್ತೆ ಎಲ್ಲ ಬೆರೆತಿರುತ್ತವೆ.

ಇನ್ನೊಂದು ಮಾತು. ಆವಿಯಾದದ್ದೆಲ್ಲ ಪೋಲು ಎಂಬ ಧಾಟಿ ಬೇಡ. ಎಲೆಯ ರಂಧ್ರ ತೆರೆದಾಗಲೇ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಿಗುವುದು, ನೀರು ಹೋಗುವುದೂ ಅದೇ ದಾರಿಯಲ್ಲಿ. ಬರಿ ಮಣ್ಣಿನಿಂದ ಆರಿಹೋದ ನೀರಿನ ಕಥೆ ಬೇರೆ.

ಅಂಕಿಗಳನ್ನು ಓದುಗರ ಕೈಗೆ ಸಿಗುವ ಹಾಗೆ ಕೊಡಿ. ‘ದಿನಕ್ಕೆ 5 ಮಿಲಿಮೀಟರ್’ ಅಂದರೆ ಏನೂ ಅನಿಸುವುದಿಲ್ಲ. ಹೆಕ್ಟೇರಿಗೆ 50,000 ಲೀಟರ್ ಅನ್ನಿ. ಹೊಲದಲ್ಲಿ ಗೋಪುರ ನಿಲ್ಲಿಸಿ ಆವಿ ಅಳೆದು ಉಪಗ್ರಹದ ಲೆಕ್ಕಕ್ಕೆ ತಾಳೆ ನೋಡುವ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ಆರು ನಕ್ಷೆ ಬೇಡ, ಒಂದು ಸಾಕು. ಯಾವ ಬಣ್ಣಕ್ಕೆ ಎಷ್ಟು ನೀರು ಅನ್ನುವುದು ಅದರ ಪಕ್ಕದಲ್ಲೇ ಇರಲಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.