ಮುಳಬಾಗಿಲಿನ ಲೇಖಕರಿಗೆ: 5 ವೋಲ್ಟ್ ಬಂತು, ಕರೆಂಟ್ ಎಲ್ಲಿಂದ?

ನಮಸ್ಕಾರ. ಬೋರ್‌ವೆಲ್ ಮೋಟರನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಆನ್-ಆಫ್ ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ. ನೀವೇ ಮಾಡಿ ನೋಡಿ ಬರೆದಿದ್ದೀರಿ, ಅದು ಅಪರೂಪ.

ಕೋಲಾರದ ನೀರಿನ ಕಷ್ಟದ ಮೊದಲ ಎರಡು ಪುಟ ತೆಗೆದುಬಿಡಿ. ನಮ್ಮ ಓದುಗರಿಗೆ ಅದು ಗೊತ್ತಿರುವುದೇ.

ಇಎಸ್‌ಪಿ32 ಪಿನ್ನಿನ 3.3 ವೋಲ್ಟ್ ಸಿಗ್ನಲ್ಲಿನಿಂದ ರಿಲೇ (ಸಿಗ್ನಲ್ ಕೊಟ್ಟರೆ ಆನ್-ಆಫ್ ಆಗುವ ಸ್ವಿಚ್) ನಡೆಸಲು ನೀವು ನಡುವೆ ಲೆವೆಲ್ ಶಿಫ್ಟರ್, ಅಂದರೆ ಸಿಗ್ನಲ್ಲಿನ ವೋಲ್ಟೇಜ್ ಬದಲಿಸುವ ಬೋರ್ಡ್, ಹಾಕಿದ್ದೀರಿ. ನನಗೆ ತೊಂದರೆ ಕೊಟ್ಟಿದ್ದು ಈ ಸಾಲು: "ಲೆವೆಲ್ ಶಿಫ್ಟರ್ 3.3 ವೋಲ್ಟನ್ನು 5 ವೋಲ್ಟ್ ಮಾಡುತ್ತದೆ, ಆದ್ದರಿಂದ ಯಾವ ರಿಲೇ ಮಾಡ್ಯೂಲ್ ಆದರೂ ನಡೆಯುತ್ತದೆ." ನಡೆಯುವುದಿಲ್ಲ. ನೀವೇ ಮುಂದೆ, ಒಂದು ಮಾಡ್ಯೂಲ್ ಕೆಲಸ ಮಾಡಿತು, ಇನ್ನೊಂದು ಮಾಡಲಿಲ್ಲ, ಮಾಲು ಸರಿಯಿಲ್ಲ ಎಂದು ಬರೆದಿದ್ದೀರಿ. ಮಾಲಿನ ತಪ್ಪಲ್ಲ ಅದು. ಲೇಖನದ ಜೀವ ಇರುವುದೇ ಅಲ್ಲಿ!

ನೀವು ಬಳಸಿದ ಶಿಫ್ಟರಿನಲ್ಲಿ, ಅಂದರೆ ಬಿಎಸ್‌ಎಸ್138 ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಇರುವ ಬೋರ್ಡಿನಲ್ಲಿ, ಔಟ್‌ಪುಟ್ಟನ್ನು 5 ವೋಲ್ಟಿಗೆ ಎತ್ತುವುದು ಬರೀ ಒಂದು 10 ಕಿಲೋ ಓಮ್ ರೆಸಿಸ್ಟರ್. ಔಟ್‌ಪುಟ್ಟನ್ನು ನೇರ ಗ್ರೌಂಡಿಗೆ ಮುಟ್ಟಿಸಿದರೂ ಆ ರೆಸಿಸ್ಟರಿನಿಂದ ಬರುವುದು ಅರ್ಧ ಮಿಲಿಆಂಪಿಯರ್, ಅಷ್ಟೇ. ಈಗ ಹೈ (5 ವೋಲ್ಟ್) ಕೊಟ್ಟಾಗ ಆನ್ ಆಗುವ ಮಾಡ್ಯೂಲ್ ಜೋಡಿಸಿ. ಅದರ ಒಳಗೆ 1 ಕಿಲೋ ಓಮ್ ರೆಸಿಸ್ಟರ್, ಆಮೇಲೆ ಸುಮಾರು 1.2 ವೋಲ್ಟ್ ಬೇಡುವ ಆಪ್ಟೋಕಪ್ಲರ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ) ಎಲ್‌ಇಡಿ ಇದೆ ಎಂದುಕೊಳ್ಳಿ. ಆ 10 ಕಿಲೋ ಓಮ್ ಒಂದರಿಂದಲೇ ಆದರೆ ಹರಿಯುವುದು 0.35 ಮಿಲಿಆಂಪಿಯರ್. ಔಟ್‌ಪುಟ್ 3.3ರ ಕೆಳಗೆ ಕುಸಿದಾಗ ಇಎಸ್‌ಪಿ32 ಪಿನ್ನಿನಿಂದಲೂ ಮಾಸ್‌ಫೆಟ್ ಮೂಲಕ ಸ್ವಲ್ಪ ಕರೆಂಟ್ ಬರುತ್ತದೆ, ಆದರೂ ಮಲ್ಟಿಮೀಟರ್ ಇಟ್ಟರೆ 5 ಇರಬೇಕಾದ ಕಡೆ 3.3ಕ್ಕಿಂತ ಕಡಿಮೆ ಕಾಣುತ್ತದೆ. ಇಷ್ಟರಲ್ಲಿ ರಿಲೇ ಎಳೆಯುತ್ತದೆಂದು ನಂಬುವಂತಿಲ್ಲ.

ಲೋ (0 ವೋಲ್ಟ್) ಕೊಟ್ಟಾಗ ಆನ್ ಆಗುವ ಮಾಡ್ಯೂಲಿನ ಕಥೆಯೇ ಬೇರೆ. ಆಗ ಶಿಫ್ಟರಿನ ಮಾಸ್‌ಫೆಟ್ ಆನ್ ಆಗಿ, ಕರೆಂಟ್ ಅದರ ಮೂಲಕ ಇಎಸ್‌ಪಿ32 ಪಿನ್ನಿಗೆ ಇಳಿದು ಗ್ರೌಂಡ್ ಸೇರುತ್ತದೆ. ಮೂರು ನಾಲ್ಕು ಮಿಲಿಆಂಪಿಯರ್ ಪಿನ್ನಿಗೆ ಭಾರವಲ್ಲ. ಅದಕ್ಕೇ ಒಂದು ನಡೆಯಿತು. ಶಿಫ್ಟರಿಗೆ ಕೆಳಕ್ಕೆ ಎಳೆಯಲು ಬಲ ಇದೆ, 5 ವೋಲ್ಟಿನವರೆಗೆ ಮೇಲಕ್ಕೆ ದೂಡಲು ಇಲ್ಲ. ನಿಮ್ಮ ನೀರಿನ ಟ್ಯಾಂಕಿನ ಹೋಲಿಕೆ ಚೆನ್ನಾಗಿದೆ, ಆದರೆ ಎತ್ತರ (ವೋಲ್ಟೇಜ್) ಹೇಳಿ ಪೈಪಿನ ದಪ್ಪ (ಎಷ್ಟು ಕರೆಂಟ್ ಹರಿಯಬಲ್ಲದು) ಬಿಟ್ಟಿದ್ದೀರಿ. ಅದನ್ನೂ ಸೇರಿಸಿ.

ನಿಜ ಹೇಳಬೇಕೆಂದರೆ ಇಲ್ಲಿ ಶಿಫ್ಟರೇ ಬೇಡ. ಇಎಸ್‌ಪಿ32 ಪಿನ್ನಿನಿಂದ ನೇರ ಯುಎಲ್‌ಎನ್2003 ಎಂಬ ರಿಲೇ ನಡೆಸುವ ಚಿಪ್ಪಿಗೆ ಕೊಡಿ. ರಿಲೇ ಕಾಯಿಲ್ ಕೇಳುವ ಸುಮಾರು 70 ಮಿಲಿಆಂಪಿಯರನ್ನು ಅದು ಸಲೀಸಾಗಿ ತಾಳಿಕೊಳ್ಳುತ್ತದೆ. ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜಿನಿಂದ ಕಾಪಾಡುವ ಡಯೋಡ್ ಒಳಗೇ ಇದೆ, ಕಾಮನ್ ಪಿನ್ನನ್ನು ರಿಲೇ ಸಪ್ಲೈಗೆ ಸೇರಿಸುವುದು ಮರೆಯಬೇಡಿ. 5 ವೋಲ್ಟಿನ ಸಿಗ್ನಲ್ಲೇ ಬೇಕೆಂದರೆ 74ಎಎಚ್‌ಸಿಟಿ125 ಎಂಬ ಬಫರ್ ಚಿಪ್ ಇದೆ. 2 ವೋಲ್ಟ್ ದಾಟಿದರೆ ಹೈ ಎಂದು ಓದುತ್ತದೆ, 8 ಮಿಲಿಆಂಪಿಯರ್ ಕೊಡುತ್ತದೆ.

ಇನ್ನೊಂದು. ಈ ಸಣ್ಣ ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟರಿನ ಕರೆಂಟ್ ಹೊರುವ ದೊಡ್ಡ ಸ್ವಿಚ್) ಕಾಯಿಲಿಗೆ ಮಾತ್ರ, ಮೋಟರಿಗೆ ಅಲ್ಲ. ಇದನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ. ಲೇಖನ ನೋಡಿ ಯಾರೋ ತೋಟದಲ್ಲಿ ವೈರ್ ಜೋಡಿಸುತ್ತಾರೆ, ಅಲ್ವಾ?

ಎರಡೂ ಮಾಡ್ಯೂಲಿನ ಇನ್‌ಪುಟ್ ವೋಲ್ಟೇಜನ್ನು ಆನ್ ಇದ್ದಾಗ, ಆಫ್ ಇದ್ದಾಗ ಅಳೆದು, ಆ ನಾಲ್ಕು ಅಂಕಿಯಿಂದಲೇ ಲೇಖನ ಶುರುಮಾಡಿ ಕಳಿಸಿ.