ಪೌಂಡಿಗೆ ಹೆದರಬೇಡ, ಅಳತೆ ಕಪ್ಪಿಗೆ ಹೆದರು

"ಅಕ್ಕಾ, ಮುಂದಿನ ತಿಂಗಳು ಮಗು ಕರ್ಕೊಂಡು ಅಮೆರಿಕಕ್ಕೆ ಹೊರಟಿದೀವಿ. ಅಲ್ಲೆಲ್ಲ ಪೌಂಡು, ಗ್ಯಾಲನ್, ಫ್ಯಾರನ್‌ಹೀಟ್ ಅಂತೆ. ಪಟ್ಟಿ ಬಾಯಿಪಾಠ ಮಾಡ್ಕೊಳ್ಳಲಾ? ಅಳತೆ ಕಪ್ಪು, ಜ್ವರದ ಸಿರಪ್ಪು ಊರಿಂದಲೇ ತರಲಾ?" ಅಂತ ಕೇಳಿದೀಯ. ನಾನು ಮೂಡಿಗೆರೆಯಿಂದ ಬಂದಾಗ ಇದನ್ನೆಲ್ಲ ಕೇಳೋದಕ್ಕೆ ಯಾರೂ ಇರಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಪಟ್ಟಿ ಬೇಡಮ್ಮ. ಸಕಲೇಶಪುರದವಳಿಗೆ ಈ ಲೆಕ್ಕ ಹೊಸದಲ್ಲ. ನಮ್ಮಲ್ಲಿ ಕೇಜಿ ತೂಕ 1958ರಲ್ಲೇ ಶುರುವಾದರೂ ಪಹಣಿಯಲ್ಲಿ ಇವತ್ತಿಗೂ ಎಕರೆ-ಗುಂಟೆ, ಸೈಟು 30-40 ಅಡಿ, ಪೈಪು ಇಂಚು. ಗುಂಟೆ ಅಂದರೆ 33 ಅಡಿ ಚೌಕ, 1,089 ಚದರಡಿ. ಅಂಥ 40 ಸೇರಿದರೆ 43,560. ಇಲ್ಲಿಯ ಎಕರೆಯೂ ಅಷ್ಟೇ. ಕಾಫಿ ಹೂ ಬಿಡಿಸೋ ಹೂಮಳೆ ಎಷ್ಟಾಯ್ತು ಅಂದರೆ ತೋಟದವರು ಹೇಳೋದು ಇಂಚು, ಸೆಂಟ್ಸ್‌ನಲ್ಲಿ; ಸೆಂಟ್ ಅಂದರೆ ಇಂಚಿನ ನೂರನೇ ಭಾಗ. ಇಲ್ಲಿಯ ಹವಾಮಾನ ವರದಿಯಲ್ಲೂ ಮಳೆ ಇಂಚಿನ ನೂರನೇ ಭಾಗದ ಲೆಕ್ಕದಲ್ಲೇ ಬರುತ್ತೆ. ಈ ದೇಶದಲ್ಲಿ ನನ್ನ ಕಿವಿಗೆ ಊರಿನ ಹಾಗೆ ಕೇಳಿಸಿದ್ದು ಅದೊಂದೇ.

ಹವೆಗೆ ಫ್ಯಾರನ್‌ಹೀಟಿನ ನಾಲ್ಕು ಅಂಕಿ ಸಾಕು: 32ಕ್ಕೆ ನೀರು ಹೆಪ್ಪುಗಟ್ಟುತ್ತೆ, 60 ಚಿಕ್ಕಮಗಳೂರಿನ ಡಿಸೆಂಬರ್ ಬೆಳಗು, 86 ಅಂದರೆ ನಮ್ಮ 30, ನೂರು ಅಂದರೆ ಸುಮಾರು 38. ಜ್ವರ ನೋಡೋದು ನಮ್ಮಲ್ಲೂ ಫ್ಯಾರನ್‌ಹೀಟಿನಲ್ಲೇ ತಾನೆ, ಅದು ಬದಲಾಗಲ್ಲ. ರಸ್ತೆ ಮೇಲೆ 65 ಅಂತ ಬೋರ್ಡಿದ್ದರೆ ಅದು ಮೈಲಿ, ಗಂಟೆಗೆ 105 ಕಿಲೋಮೀಟರ್. ತರಕಾರಿ ಪೌಂಡಿಗೆ ಎಷ್ಟು ಅಂತ ಬರೆದಿರುತ್ತೋ ಅದನ್ನು 2.2ರಿಂದ ಗುಣಿಸಿದರೆ ಕೇಜಿ ಬೆಲೆ. ಇಷ್ಟು ಒಂದು ವಾರದಲ್ಲಿ ತಾನಾಗೇ ಬರುತ್ತೆ.

ಕಾಟ ಕೊಡೋದು ಹೆಸರು ಒಂದೇ ಇದ್ದು ಅಳತೆ ಬೇರೆಯಾದವು. ತೋಟಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣ ಕಲಸೋ ದೊಡ್ಡ ಡ್ರಮ್ಮು ಇಲ್ಲಿ 55 ಗ್ಯಾಲನ್. ಹಳೇ ಬ್ರಿಟಿಷ್ ಗ್ಯಾಲನ್ನಿನಲ್ಲಿ ಅದೇ ಡ್ರಮ್ಮು 46ರ ಹತ್ತಿರ. ಇಲ್ಲಿಯದು 3.785 ಲೀಟರ್, ಅದು 4.546. ಔನ್ಸ್ ಇನ್ನೂ ತಂಟೆ. ತೂಕದ ಔನ್ಸ್ 28 ಗ್ರಾಂ ಚಿಲ್ಲರೆ, ದ್ರವದ ಔನ್ಸ್ ಇನ್ನೊಂದು, ಸುಮಾರು 30 ಎಂಎಲ್. ಒಂದು ಕಪ್ಪು ಅಂದರೆ 8 ದ್ರವದ ಔನ್ಸ್. ಆದರೆ ಒಂದು ಕಪ್ಪು ಮೈದಾ ತೂಗಿದರೆ 120 ಗ್ರಾಂ, ನಾಲ್ಕೂಕಾಲು ಔನ್ಸ್ ಅಷ್ಟೇ. "ಕಪ್ಪು ಅಂದರೆ 8 ಔನ್ಸ್" ಅಂತ ತಕ್ಕಡಿ ಮೇಲೆ 8 ಔನ್ಸ್ ಮೈದಾ ಸುರಿದರೆ ಕೇಕು ಇಟ್ಟಿಗೆ.

ಅನ್ನದ ಎಲೆಕ್ಟ್ರಿಕ್ ಕುಕ್ಕರಿನ ಜೊತೆ ಬರೋ ಕಪ್ಪು 180 ಎಂಎಲ್. ಅಂಗಡಿಯ ಅಳತೆ ಕಪ್ಪು 240ರ ಆಸುಪಾಸು. ಪಾತ್ರೆಯ ಒಳಗಿನ ಗೆರೆಗಳು 180ರ ಕಪ್ಪಿಗೆ ಹಾಕಿದವು. ದೊಡ್ಡ ಕಪ್ಪಲ್ಲಿ ಎರಡು ಅಳೆದು ನೀರನ್ನು 2ರ ಗೆರೆಗೆ ನಿಲ್ಲಿಸಿದರೆ, ಒಳಗಿರೋದು ಕುಕ್ಕರಿನ ಕಪ್ಪಿನ ಲೆಕ್ಕದಲ್ಲಿ ಎರಡೂವರೆಗಿಂತ ಹೆಚ್ಚು ಕಪ್ಪು ಅಕ್ಕಿ, ನೀರು ಎರಡಕ್ಕೆ. ಕಾಳು ಕಾಳಾಗಿ ಉಳಿಯುತ್ತೆ. ಒಂದಕ್ಕೆ ಎರಡು ನೀರು ಅನ್ನೋ ನಮ್ಮ ಲೆಕ್ಕಕ್ಕೆ ಈ ರಗಳೆ ಇಲ್ಲ, ಸ್ಟೀಲ್ ಲೋಟವಾದರೂ ಸೈ. ಆದ್ದರಿಂದ ಕಪ್ಪು ತರಬೇಡ. ಗ್ರಾಂ-ಔನ್ಸ್ ಎರಡೂ ತೋರಿಸೋ ಸಣ್ಣ ತಕ್ಕಡಿ ಇಲ್ಲೇ ತಗೋ.

ಇನ್ನು ಸಿರಪ್ಪು. ಇಲ್ಲಿ ಮಾತ್ರ ನನ್ನ ಮಾತು ಗಟ್ಟಿಯಾಗಿ ಕೇಳು.

ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೊಫೆನ್ ಹೆಸರಲ್ಲಿ ಸಿಗುತ್ತೆ. ಮಕ್ಕಳ ಸಿರಪ್ಪು ಸಾಮಾನ್ಯವಾಗಿ 5 ಎಂಎಲ್‌ಗೆ 160 ಮಿಲಿಗ್ರಾಂ. ಊರಿನ ಬಾಟಲಿಗಳಲ್ಲಿ ಕೆಲವು 120, ಕೆಲವು 125, ಕೆಲವು 250. ಇಲ್ಲಿಯ ಡಬ್ಬದ ಮೇಲೆ 24ರಿಂದ 35 ಪೌಂಡಿನ, ಎರಡು-ಮೂರು ವರ್ಷದ ಮಗುವಿಗೆ 5 ಎಂಎಲ್ ಅಂತಿರುತ್ತೆ. ಅದನ್ನು ಓದಿ ಊರಿನ 250ರ ಬಾಟಲಿಯಿಂದ 5 ಎಂಎಲ್ ಹಾಕಿದರೆ ಒಂದೂವರೆ ಪಟ್ಟು ಮದ್ದು ಹೊಟ್ಟೆಗೆ ಹೋಯ್ತು. ಜ್ವರ ಇಳೀಲಿಲ್ಲ ಅಂತ ಹೊತ್ತಿಗೆ ಮುಂಚೆ ಇನ್ನೊಂದು ಸಲ ಹಾಕಿದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಎರಡು ದೇಶದ ಬಾಟಲಿ ಒಂದೇ ಕಪಾಟಲ್ಲಿ ಇಡಲೇಬೇಡ. ಇಲ್ಲಿಗೆ ಬಂದ ಮೇಲೆ ಇಲ್ಲಿಯದೊಂದೇ.

ತೂಕದಲ್ಲೂ ಹುಷಾರು. ಕ್ಲಿನಿಕ್ಕಿನಲ್ಲಿ ತೂಗಿ ಬರ್ಕೊಳ್ಳೋದು ಕೇಜಿಯಲ್ಲಿ, ನಿನಗೆ ಬಾಯಲ್ಲಿ ಹೇಳೋದು ಪೌಂಡಿನಲ್ಲಿ. 12 ಕೇಜಿ ಮಗು 26 ಪೌಂಡು. ಫೋನಿನಲ್ಲಿ ನರ್ಸ್ ತೂಕ ಕೇಳಿದಾಗ ಬರೀ "ಇಪ್ಪತ್ತಾರು" ಅಂದು, ಆ ಕಡೆ ಅದನ್ನು ಕೇಜಿ ಅಂತ ಬರ್ಕೊಂಡರೆ ಪ್ರಮಾಣ ಎರಡು ಪಟ್ಟು ದಾಟುತ್ತೆ. ಅಂಕಿಯ ಜೊತೆ ಕೇಜಿಯೋ ಪೌಂಡೋ ಹೇಳದೆ ಬಿಡಬೇಡ. ಚಮಚವಂತೂ ಮುಟ್ಟಲೇಬೇಡ: ಟೀ ಚಮಚ 5 ಎಂಎಲ್, ಟೇಬಲ್ ಚಮಚ 15, ಮನೆಯ ಚಮಚಕ್ಕೆ ಲೆಕ್ಕವೇ ಇಲ್ಲ. ಇದೇ ಕಾರಣಕ್ಕೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ದ್ರವದ ಮದ್ದನ್ನು ಎಂಎಲ್‌ನಲ್ಲೇ ಬರೀಬೇಕು ಅಂತ ಹೇಳಿತು. ಪೌಂಡಿನ ದೇಶದಲ್ಲಿ ಇದೊಂದಕ್ಕಾದರೂ ಮೆಟ್ರಿಕ್ಕೇ ಗತಿಯಾಯ್ತು. ಸೂಜಿಯಿಲ್ಲದ ಅಳತೆ ಸಿರಿಂಜು ಫಾರ್ಮಸಿಯಲ್ಲಿ ಕೇಳು, ಸಾಮಾನ್ಯವಾಗಿ ಪುಕ್ಕಟೆ ಕೊಡ್ತಾರೆ. ಮಗುವಿಗೆ ಎರಡು ತುಂಬಿಲ್ಲದಿದ್ದರೆ ಪ್ರಮಾಣವನ್ನು ಡಾಕ್ಟರನ್ನೇ ಕೇಳು, ಡಬ್ಬವನ್ನಲ್ಲ.

ನಿಮ್ಮ ಯಜಮಾನರು ಸ್ಪ್ಯಾನರ್ ಸೆಟ್ ತರ್ತೀನಿ ಅಂದರೆ ಬೇಡ ಅನ್ನು, ಭಾರ. 19 ಎಂಎಂ ಸ್ಪ್ಯಾನರ್ ಇಲ್ಲಿಯ ಮುಕ್ಕಾಲು ಇಂಚು ಅಗಲದ ಬೋಲ್ಟ್ ತಲೆಗೆ ಹೆಚ್ಚುಕಮ್ಮಿ ಕೂರುತ್ತೆ, 13ರದ್ದು ಅರ್ಧ ಇಂಚಿಗೆ ಸ್ವಲ್ಪ ಸಡಿಲ, ಬಿಗಿಯಾದ ಬೋಲ್ಟಾದರೆ ಮೂಲೆ ಸವೆದು ಹೋಗುತ್ತೆ. ಇಲ್ಲಿಯ ಕಾಗದ ಎ4ಗಿಂತ 18 ಮಿಲಿಮೀಟರ್ ಗಿಡ್ಡ, ಹಾಗಾಗಿ ಸರ್ಟಿಫಿಕೇಟಿನ ಜೆರಾಕ್ಸ್ ಅಲ್ಲೇ ಬೇಕಾದಷ್ಟು ತೆಗೆಸ್ಕೋ. ಇಲ್ಲಿ ತೆಗೆಸಿದರೆ ಕೆಳಗಿನ ಸೀಲು ಕತ್ತರಿಸಿ ಹೋಗಬಹುದು. ಥರ್ಮಾಮೀಟರ್ ಮಾತ್ರ ಊರಿಂದಲೇ ತಾ, ಅದು ಇಲ್ಲೂ ನಡೆಯುತ್ತೆ.